‘ಆರಾಮ’ ಅನ್ನುವ ಉತ್ತರ

(ಆಗಸ್ಟ್ 2021, ರಾತ್ರಿಯ ಕಾರ್ಯಕ್ರಮದಲ್ಲಿ ಆಡಿದ ಮಾತು)

ಶಿರಸಿ ಕಡೆಯವರು ಫೋನ್ ಎತ್ತಿದ ಕೂಡಲೇ ಕೇಳೋದು ಒಂದೇ ಮಾತು, ‘ಆರಾಮಾ?’ ಆ ಕಡೆಯಿಂದ ಬರೋ ಉತ್ತರವೂ ಅದೇ, ‘ಆರಾಮ’. ಆಮೇಲೆ ಮಳೆ ಹೇಗಿದೆ, ಕರೆಂಟ್ ಬಂತಾ, ತೋಟಕ್ಕೆ ಕೊಳೆ ರೋಗ ಬಿತ್ತಾ, ಮದ್ದು ಹೊಡೆದು ಆಯ್ತಾ. ಅಲ್ಲಿಗೆ ಫೋನ್ ಇಟ್ಟರು. ಬೆಂಗಳೂರಲ್ಲಿರೋ ಮಗನಿಗೆ ಸಮಾಧಾನ, ಊರಲ್ಲಿರೋ ಅಪ್ಪ ಅಮ್ಮನಿಗೂ ಸಮಾಧಾನ. ಆದರೆ ಆ ‘ಆರಾಮ’ ಅಂದ ಅಪ್ಪನಿಗೆ ಎಂಟು ವರ್ಷದಿಂದ ಶುಗರ್ ಇದೆ. ಅಮ್ಮನಿಗೆ ದಮ್ಮು ಇದೆ. ಮಾತ್ರೆ ನಾಡಿದ್ದಿಗೆ ಮುಗಿಯುತ್ತೆ. ಅದನ್ನ ಹೇಳಿದರೆ ಮಗ ಗಾಬರಿಯಾಗ್ತಾನೆ, ಹೇಳಿ ಪ್ರಯೋಜನ ಏನು, ಅವನು ಬರೋಕೆ ಬಸ್ಸೇ ಇಲ್ಲವಲ್ಲ ಅಂತ ಸುಮ್ಮನಾಗಿದ್ದಾರೆ.

ಕಳೆದ ಒಂದೂವರೆ ವರ್ಷದಿಂದ ನಾವು ಕೊರೊನಾ ಬಂದವರ ಲೆಕ್ಕ ಇಟ್ಟಿದ್ದೀವಿ. ಇವತ್ತು ಕೊರೊನಾ ಬರದೇ ಇದ್ದವರ ಬಗ್ಗೆ ಮಾತಾಡೋಣ. ಮೊದಲೇ ಒಂದು ಕಾಯಿಲೆ ಇಟ್ಟುಕೊಂಡು, ಅದರ ಜೊತೆ ಹೇಗೋ ಸಂಸಾರ ಮಾಡಿಕೊಂಡು ಬಂದಿದ್ದವರು ಇವರು. ಶುಗರ್, ಬಿಪಿ, ಕಿಡ್ನಿ, ಹೃದಯ, ಅಸ್ತಮಾ, ಕ್ಯಾನ್ಸರ್, ಮೂರ್ಛೆ ರೋಗ. ಇವರು ಯಾವ ಬುಲೆಟಿನ್‌ನಲ್ಲಿ ಬರ್ತಾ ಇದ್ದರು ಹೇಳಿ? ಸತ್ತಾಗ ಮಾತ್ರ.

ನೆನಪು ಮಾಡಿಕೊಳ್ಳಿ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯದ್ದು, 2020ರ ಮಾರ್ಚ್ 10. ತೀರಿಕೊಂಡವರಿಗೆ 76 ವರ್ಷ. ಅವರಿಗೆ ಬಿಪಿ ಇತ್ತು, ಅಸ್ತಮಾ ಇತ್ತು ಅನ್ನೋದು ಸುದ್ದಿಯ ಜೊತೆಗೇ ಬಂತು. ಅಲ್ಲಿಂದ ತಿಂಗಳುಗಟ್ಟಲೆ ಪ್ರತಿ ಸಂಜೆ ಅದೇ ಸಾಲು. ಇಂಥ ಜಿಲ್ಲೆ, ಇಷ್ಟು ವಯಸ್ಸು, ಮೊದಲೇ ಸಕ್ಕರೆ ಕಾಯಿಲೆ ಇತ್ತು. ವೈದ್ಯರಿಗೆ ಆ ಮಾಹಿತಿ ಬೇಕು, ಒಪ್ಪೋಣ. ಆದರೆ ಯಾವ ಕಾಯಿಲೆಯೂ ಇಲ್ಲದವನಿಗೆ ಆ ಸಾಲು ಒಂದು ಧೈರ್ಯ. ‘ಓ, ಅವರಿಗೆ ಮೊದಲೇ ಇತ್ತಂತೆ’ ಅಂದು ಅವನು ಊಟಕ್ಕೆ ಕೂರ್ತಾನೆ. ಅದೇ ಮನೆಯ ಮೂಲೆಯಲ್ಲಿ ಕೂತು ಟಿವಿ ನೋಡ್ತಾ ಇರೋ ಶುಗರ್ ಪೇಶಂಟ್‌ಗೆ ಅದು ಏನು ಹೇಳುತ್ತೆ? ಸಂಜೆ ಸಂಜೆ ತನ್ನ ಸರದಿ ಚೀಟಿಯನ್ನ ಯಾರೋ ಓದಿ ಹೇಳಿದ ಹಾಗೆ. ಈ ವರ್ಷ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ಬಂತಲ್ಲ, ಆಗಂತೂ ಶುಗರ್ ಇರೋರ ಮನೆಯಲ್ಲಿ ಕಣ್ಣು ಸ್ವಲ್ಪ ಕೆಂಪಾದರೂ ರಾತ್ರಿ ನಿದ್ದೆ ಇಲ್ಲ.

ಒಂದು ವಿಚಿತ್ರ ಅಂದರೆ, ಇದೇ ಕಾಯಿಲೆಗಳಿಗೆ ಒಂದೇ ಒಂದು ತಿಂಗಳು ಮರ್ಯಾದೆ ಸಿಕ್ಕಿತ್ತು. 2021ರ ಮಾರ್ಚ್ 1ರಿಂದ 45 ದಾಟಿದವರಲ್ಲಿ 20 ಕಾಯಿಲೆಗಳ ಪಟ್ಟಿಯಲ್ಲಿ ಯಾವುದಾದರೂ ಇದ್ದವರಿಗೆ ಲಸಿಕೆ ಮೊದಲು ಅಂದರು. ಡಾಕ್ಟರ ಸರ್ಟಿಫಿಕೇಟ್ ತಂದರೆ ಕ್ಯೂನಲ್ಲಿ ಮುಂದೆ. ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೂ ತೆರೆದರು, ಮತ್ತೆ ಎಲ್ಲರ ಹಿಂದೆ.

ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಬರ್ತೀನಿ. ಈ ಮೂರೇ ತಾಲ್ಲೂಕು ಯಾಕೆ ಅಂತ ಕೇಳಬಹುದು. ಬಯಲುಸೀಮೆಯ ವೀಕ್ಷಕರಿಗೆ ಹೇಳಬೇಕು, ಅಲ್ಲಿ ಊರು ಅಂದರೆ ಸಾಲಾಗಿ ಮನೆ ಇರೋ ಬೀದಿ ಅಲ್ಲ. ಒಂದು ತೋಟ, ತೋಟದ ತಲೆಗೊಂದು ಮನೆ. ಪಕ್ಕದ ಮನೆ ಅಂದರೆ ಒಂದು ಗುಡ್ಡ ಇಳಿದು ಹಳ್ಳ ದಾಟಬೇಕು. ಬಹಳಷ್ಟು ಮನೆಗಳಲ್ಲಿ ಈಗ ಇರೋದು ಇಬ್ಬರೇ, ಇಬ್ಬರಿಗೂ ಅರವತ್ತೈದು ದಾಟಿದೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಲಾಕ್‌ಡೌನ್ ಬರೋ ಮೊದಲೂ ಈ ಮನೆಗಳಲ್ಲಿ ಸದ್ದು ಕಡಿಮೆಯೇ. ಹಾಗಿದ್ದೂ ಅವರು ಒಂಟಿ ಅನ್ನಿಸಿಕೊಂಡಿರಲಿಲ್ಲ. ಯಾಕೆ ಅಂದರೆ ತಿಂಗಳಲ್ಲಿ ನಾಲ್ಕು ಸಲ ಪೇಟೆಗೆ ಹೋಗ್ತಾ ಇದ್ದರು. ಸೊಸೈಟಿಯಲ್ಲಿ ಅಡಿಕೆ ರೇಟು ಕೇಳೋದು, ಒಂದು ಮದುವೆ, ಒಂದು ತಾಳಮದ್ದಲೆ, ಚಳಿಗಾಲದಲ್ಲಿ ರಾತ್ರಿ ಹತ್ತು ಜನ ಸೇರಿ ಅಡಿಕೆ ಸುಲಿಯೋದು. 2020ರ ಮಾರ್ಚ್ ಮೊದಲ ಭಾಗದಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ ಆಯ್ತು. ಲಕ್ಷಗಟ್ಟಲೆ ಜನ ಸೇರಿದ್ದ ಪೇಟೆ. ಎರಡು ವಾರ ಕಳೆಯೋದರೊಳಗೆ ಆ ಪೇಟೆಗೆ ಹೋಗೋಕೆ ಪೊಲೀಸರಿಗೆ ಕಾರಣ ಹೇಳಬೇಕಾಯ್ತು.

ಕಾಯಿಲೆ ಇದ್ದವರಿಗೆ ಆಸ್ಪತ್ರೆಗೆ ಹೋಗೋದು ಬರೀ ಚಿಕಿತ್ಸೆ ಅಲ್ಲ, ಇದನ್ನ ನಾವು ಆರೋಗ್ಯವಾಗಿರೋರು ಅರ್ಥ ಮಾಡಿಕೊಳ್ಳೋದಿಲ್ಲ. ತಿಂಗಳಿಗೊಮ್ಮೆ ಬೆಳಗಿನ ಬಸ್ಸು ಹತ್ತಿ, ಕಂಡಕ್ಟರ್ ಹತ್ತಿರ ಎರಡು ಮಾತಾಡಿ, ರಕ್ತ ಕೊಟ್ಟು, ರಿಪೋರ್ಟ್ ಬರೋವರೆಗೆ ಹೋಟೆಲಲ್ಲಿ ಇಡ್ಲಿ ತಿಂದು, ಕ್ಯೂನಲ್ಲಿ ಕೂತ ಇನ್ನೊಬ್ಬರ ಹತ್ತಿರ ‘ನಿಮಗೆ ಎಷ್ಟಿದೆ, ನನಗೆ ಇನ್ನೂರಾ ಹತ್ತು’ ಅಂತ ಹೇಳಿಕೊಂಡು ಬರೋದು ಇದೆಯಲ್ಲ, ಅದು ಅವರ ಸಮಾಜ. ಕಾಯಿಲೆ ಬಗ್ಗೆ ನಾಚಿಕೆ ಇಲ್ಲದೆ ಮಾತಾಡೋಕೆ ಸಿಗೋದು ಅದೇ ಕಾಯಿಲೆ ಇರೋ ಇನ್ನೊಬ್ಬರು. ಮನೆಯವರ ಹತ್ತಿರ ಹೇಳಿದರೆ ‘ಮತ್ತೆ ಶುರು ಮಾಡಿದ್ರಾ’ ಅಂತಾರೆ.

ಈ ಎಲ್ಲಾ ಸಂಬಂಧ ನಿಂತಿದ್ದು ಒಂದೇ ವಸ್ತುವಿನ ಮೇಲೆ. ಬಸ್ಸು. ನಾನು ಎಂಜಿನಿಯರಿಂಗ್ ಓದಿದವಳು. ಒಂದೇ ಒಂದು ಭಾಗ ಕೈಕೊಟ್ಟರೆ ಇಡೀ ಯಂತ್ರ ನಿಲ್ಲುವ ಹಾಗೆ ಯಾವುದನ್ನೂ ಕಟ್ಟಬಾರದು ಅಂತ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ. ಮಲೆನಾಡಿನ ಆರೋಗ್ಯ ವ್ಯವಸ್ಥೆಯನ್ನ ನಾವು ಹಾಗೇ ಕಟ್ಟಿದ್ದೀವಿ. ಆಸ್ಪತ್ರೆ ಇದೆ, ಮಾತ್ರೆ ಇದೆ, ಡಾಕ್ಟರ್ ಇದ್ದಾರೆ. ಬಸ್ ನಿಂತರೆ ಯಾವುದೂ ಇಲ್ಲ. 2020ರ ಮಾರ್ಚ್‌ನಲ್ಲಿ ನಿಂತ ಬಸ್ ರಾಜ್ಯದಲ್ಲಿ ಮತ್ತೆ ಓಡಿದ್ದು ಮೇ 19ಕ್ಕೆ, ಅದೂ ಮುಖ್ಯ ರಸ್ತೆಗಳಲ್ಲಿ ಮೊದಲು. ಈ ವರ್ಷ ಏಪ್ರಿಲ್ 7ರಿಂದ ಎರಡು ವಾರ ಸಾರಿಗೆ ನೌಕರರ ಮುಷ್ಕರ. ಅವರ ಬೇಡಿಕೆಯ ನ್ಯಾಯ ಬೇರೆ ವಿಷಯ, ಅದನ್ನ ಇನ್ನೊಂದು ದಿನ ಮಾತಾಡಿದ್ದೀವಿ. ಮುಷ್ಕರ ಮುಗಿದು ವಾರ ಆಗಿಲ್ಲ, ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಎಲ್ಲ ಬಂದ್. ಸ್ವಂತ ಗಾಡಿ ಇಲ್ಲದ ಒಬ್ಬ ಹೃದ್ರೋಗಿ ಯಲ್ಲಾಪುರದ ಒಳ ಹಳ್ಳಿಯಲ್ಲಿದ್ದರೆ ಅವನ ಪಾಲಿಗೆ ಈ ಮೂರೂ ಒಂದೇ.

ಇನ್ನು ದೊಡ್ಡ ಕಾಯಿಲೆ ಆದರೆ ಜಿಲ್ಲೆಯೊಳಗೆ ಮುಗಿಯೋದೇ ಇಲ್ಲ. ಉತ್ತರ ಕನ್ನಡದಲ್ಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ. 2019ರಲ್ಲಿ ಈ ಜಿಲ್ಲೆಯ ಹುಡುಗರು ಟ್ವಿಟರ್‌ನಲ್ಲಿ ಆಸ್ಪತ್ರೆ ಕೊಡಿ ಅಂತ ದೊಡ್ಡ ಅಭಿಯಾನ ಮಾಡಿದರು, ದೇಶದಲ್ಲೆಲ್ಲ ಸುದ್ದಿಯಾಯ್ತು. ಆಸ್ಪತ್ರೆ ಮಾತ್ರ ಬರಲಿಲ್ಲ. ಇದು ವಿಧಾನಸಭೆಯ ಅಧ್ಯಕ್ಷರ ಜಿಲ್ಲೆ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ. ಹಾಗಾಗಿ ಕ್ಯಾನ್ಸರ್ ಅಂದರೆ ಹುಬ್ಬಳ್ಳಿ ನವನಗರ, ಹೃದಯ ಅಂದರೆ ಹುಬ್ಬಳ್ಳಿ ಇಲ್ಲವೇ ಮಣಿಪಾಲ, ಸಿದ್ದಾಪುರದವರಾದರೆ ಶಿವಮೊಗ್ಗ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಆದರೆ ಅದು ಧಾರವಾಡ ಜಿಲ್ಲೆ. ಲಾಕ್‌ಡೌನ್‌ನಲ್ಲಿ ಜಿಲ್ಲೆ ದಾಟೋಕೆ ಪಾಸ್ ಬೇಕು. ಕಿಮೋ ಮುಂದಿನ ಸೈಕಲ್ ಯಾವಾಗ ಅಂತ ಡಾಕ್ಟರ್ ಬರೆದುಕೊಟ್ಟ ಚೀಟಿ ಹಿಡಿದು ಚೆಕ್‌ಪೋಸ್ಟ್‌ನಲ್ಲಿ ನಿಂತವರ ಮನಸ್ಸಿನ ಒತ್ತಡಕ್ಕೆ ಯಾವ ಮೀಟರ್ ಇದೆ?

ಡಯಾಲಿಸಿಸ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡ್ತೀನಿ. ಕಿಡ್ನಿ ಪೂರ್ತಿ ಕೆಟ್ಟವರು ವಾರಕ್ಕೆ ಎರಡು ಸಲ, ಮೂರು ಸಲ ಯಂತ್ರದ ಮುಂದೆ ಮಲಗಬೇಕು. ಒಂದು ಸಲಕ್ಕೆ ನಾಲ್ಕು ಗಂಟೆ. ಇದಕ್ಕೆ ರಜೆ ಇಲ್ಲ, ಮುಂದಿನ ವಾರ ಬರ್ತೀನಿ ಅನ್ನೋ ಹಾಗಿಲ್ಲ. ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತೆ, ಉಸಿರು ಕಟ್ಟುತ್ತೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. 2020ರ ಲಾಕ್‌ಡೌನ್ ಹೊತ್ತಲ್ಲಿ ನಮ್ಮ ದೇಶದ 19 ದೊಡ್ಡ ಆಸ್ಪತ್ರೆಗಳ ಕಿಡ್ನಿ ವೈದ್ಯರು ಸೇರಿ ಲೆಕ್ಕ ಹಾಕಿದರು. ಅವರ ಹತ್ತಿರ ಡಯಾಲಿಸಿಸ್‌ಗೆ ಬರ್ತಾ ಇದ್ದವರಲ್ಲಿ ಶೇ 28ರಷ್ಟು ಜನಕ್ಕೆ ಕನಿಷ್ಠ ಒಂದು ಸರದಿ ತಪ್ಪಿದೆ. ಶೇ 4ರಷ್ಟು ಜನ ಬರೋದನ್ನೇ ನಿಲ್ಲಿಸಿದ್ದಾರೆ. ಇದು ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳ ಲೆಕ್ಕ. ಗುಡ್ಡದ ಊರುಗಳ ಲೆಕ್ಕ ಎಲ್ಲಿದೆ?

ಈ ವಿಷಯ ಕಳೆದ ವಾರ ನಮ್ಮ ಕಾರ್ಯಕ್ರಮದಲ್ಲಿ ಬಂದಾಗ ಸಿದ್ದಾಪುರ ತಾಲ್ಲೂಕಿನಿಂದ ಒಬ್ಬ ತಾಯಿ ಫೋನ್ ಮಾಡಿದರು. ಅವರ ಯಜಮಾನರಿಗೆ ವಾರಕ್ಕೆ ಎರಡು ಡಯಾಲಿಸಿಸ್. ಬಾಡಿಗೆ ಗಾಡಿಯವರು ಮೊದಲು ಕರೆದುಕೊಂಡು ಹೋಗ್ತಾ ಇದ್ದರಂತೆ, ಎರಡನೇ ಅಲೆ ಹೊತ್ತಿಗೆ ‘ಆಸ್ಪತ್ರೆ ಟ್ರಿಪ್ ಬೇಡ ಅಮ್ಮ, ಮನೇಲಿ ಸಣ್ಣ ಮಕ್ಕಳಿದ್ದಾರೆ’ ಅಂದರಂತೆ. ಬೇರೆ ಯಾರೋ ಪುಣ್ಯಾತ್ಮರು ಸಿಕ್ಕರು. ಆ ತಾಯಿ ದುಡ್ಡಿನ ಕಷ್ಟ ಹೇಳಲಿಲ್ಲ, ಗಾಡಿಯವರನ್ನ ಬೈಯಲೂ ಇಲ್ಲ. ಹೇಳಿದ್ದು ಬೇರೆ. ‘ತಂಗಿ, ಮೊದಲು ಅಲ್ಲಿ ನಾಲ್ಕು ಜನ ಒಟ್ಟಿಗೆ ಮಲಗ್ತಿದ್ರು. ನಾವು ಹೆಂಗಸರು ಹೊರಗೆ ಕೂತು ಡಬ್ಬಿ ಬಿಚ್ಚಿ ಉಪ್ಪಿನಕಾಯಿ ಹಂಚ್ಕೊಂಡು ತಿಂತಿದ್ವಿ. ಈಗ ಒಳಗೂ ಮಾತಿಲ್ಲ, ಹೊರಗೂ ಮಾತಿಲ್ಲ. ಒಬ್ಬರು ಬರ್ತಿದ್ರು, ಎರಡು ವಾರದಿಂದ ಇಲ್ಲ. ಕೇಳೋಕೆ ಹೆದರಿಕೆ.’

ಆ ಕಡೆಯ ಕೊನೇ ಮಾತು ನನ್ನ ತಲೆಯಿಂದ ಹೋಗ್ತಾ ಇಲ್ಲ. ಪಕ್ಕದ ಬೆಡ್‌ನವರು ಎಲ್ಲಿ ಅಂತ ಕೇಳೋಕೆ ಹೆದರಿಕೆ.

ಸಿದ್ದಾಪುರದವರಿಗೆ ಜ್ವರದ ಹೆದರಿಕೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ಮಂಗನ ಕಾಯಿಲೆ ಸಿದ್ದಾಪುರಕ್ಕೂ ಬಂದಿದೆ, ಜೀವಗಳನ್ನ ತಗೊಂಡಿದೆ. 2020ರ ಬೇಸಿಗೆಯಲ್ಲಿ ಅಲ್ಲಿ ಯಾರಿಗಾದರೂ ಜ್ವರ ಬಂದರೆ ಅದು ಉಣ್ಣೆಯಿಂದ ಬಂದದ್ದಾ, ಊರಿಂದ ಬಂದದ್ದಾ ಅಂತ ಎರಡು ಹೆದರಿಕೆ.

ಇನ್ನು ಕೆಮ್ಮು. ದಮ್ಮು ಇರೋರು ಮಳೆಗಾಲದಲ್ಲಿ ಕೆಮ್ಮೋದು ಇದ್ದದ್ದೇ. ಹಸಿ ಕಟ್ಟಿಗೆ ಒಲೆ, ಬಚ್ಚಲ ಹೊಗೆ, ಗೋಡೆಗೆ ಹತ್ತಿದ ಬೂಷ್ಟು, ಎಲ್ಲ ಸೇರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಎದೆ ಕುಯ್ಯುಗುಟ್ಟುತ್ತೆ. ಈ ಒಂದೂವರೆ ವರ್ಷ ಅವರು ಕೆಮ್ಮನ್ನ ನುಂಗಿಕೊಂಡು ಬದುಕಿದ್ದಾರೆ. ಕಿರಾಣಿ ಅಂಗಡಿ ಮುಂದೆ ಒಮ್ಮೆ ಕೆಮ್ಮಿದರೆ ನಾಲ್ಕು ಜನ ಹಿಂದೆ ಸರೀತಾರೆ. ‘ಇದು ಹಳೇದು, ಹಳೇದು’ ಅಂತ ಹೇಳಿಕೊಳ್ಳಬೇಕು. ಮೂರು ಸಲ ಹೇಳಿದ ಮೇಲೆ ನಾಲ್ಕನೇ ಸಲ ಅಂಗಡಿಗೇ ಹೋಗೋದಿಲ್ಲ. ಒಂಟಿತನ ಅನ್ನೋದು ಬರೋದು ಹೀಗೆ, ಒಂದೊಂದೇ ಜಾಗ ಬಿಡ್ತಾ ಬಿಡ್ತಾ.

ಸರ್ಕಾರ ಏನೂ ಮಾಡಲಿಲ್ಲ ಅಂತ ನಾನು ಹೇಳೋದಿಲ್ಲ. 2020ರ ಏಪ್ರಿಲ್‌ನಲ್ಲೇ ಕೇಂದ್ರದ ಸೂಚನೆ ಬಂತು. ಶುಗರ್, ಬಿಪಿ, ಮಾನಸಿಕ ಕಾಯಿಲೆ ಇರೋರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ, ಆಶಾ ಕಾರ್ಯಕರ್ತೆಯರ ಮೂಲಕ ಮನೆಗೆ ಮುಟ್ಟಿಸಿ ಅಂತ. ಒಳ್ಳೆಯ ನಿರ್ಧಾರ. ಅಂಚೆಯಣ್ಣಂದಿರು ಔಷಧಿ ಪಾರ್ಸೆಲ್ ಹೊತ್ತು ತಂದುಕೊಟ್ಟರು, ಅವರಿಗೆ ಈ ವೇದಿಕೆಯಿಂದ ಒಂದು ನಮಸ್ಕಾರ. ಆದರೆ ಗಮನಿಸಿ, ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೈಗೆ ಬಂತು ಅಂದರೆ ಮೂರು ತಿಂಗಳು ಯಾರೂ ಬಿಪಿ ನೋಡೋದಿಲ್ಲ, ಯಾರೂ ‘ಯಾಕೆ ಇಷ್ಟು ಇಳಿದು ಹೋಗಿದ್ದೀರಿ’ ಅಂತ ಕೇಳೋದಿಲ್ಲ. ಮಾತ್ರೆ ಮನೆಗೆ ಬಂತು, ಮನುಷ್ಯ ಬರಲಿಲ್ಲ.

ಬಂದವರು ಒಬ್ಬರೇ, ಆಶಾ. ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ ಬಂದು ಬಾಗಿಲಲ್ಲಿ ನಿಂತು ‘ಅಜ್ಜಾ, ಜ್ವರ ಇದೆಯಾ, ಮಾತ್ರೆ ತಗೊಂಡ್ರಾ’ ಅಂತ ಕೇಳಿದ ಹೆಣ್ಣುಮಗಳು. ಎಷ್ಟೋ ಮನೆಗೆ ಆ ವಾರದ ಏಕೈಕ ಹೊರಗಿನ ಮುಖ ಅವಳದ್ದು. ಅದೇ ಆಶಾಗಳು 2020ರ ಜುಲೈ 10ರಿಂದ ಮುಷ್ಕರಕ್ಕೆ ಕೂತರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ. ಒಂಟಿ ಮನೆಗಳ ಬಾಗಿಲು ಬಡಿಯೋ ಕೆಲಸಕ್ಕೆ ನಾವು ಕಟ್ಟಿದ ಬೆಲೆ ಅದಕ್ಕಿಂತಲೂ ಕಡಿಮೆ.

‘ಮನಸ್ಸಿಗೆ ಬೇಜಾರು, ಅದೇನು ದೊಡ್ಡ ವಿಷಯ’ ಅನ್ನೋರಿಗೆ ಎರಡು ಮಾತು. ಒತ್ತಡದಲ್ಲಿ ಇದ್ದಾಗ ಮೈ ಕಾರ್ಟಿಸಾಲ್ ಅನ್ನೋ ಹಾರ್ಮೋನು ಬಿಡುತ್ತೆ, ಅದು ರಕ್ತದ ಸಕ್ಕರೆಯನ್ನ ಏರಿಸುತ್ತೆ. ನಿದ್ದೆ ಕೆಟ್ಟರೆ ಬಿಪಿ ಏರುತ್ತೆ. ಊಟ ಒಬ್ಬರಿಗೇ ಮಾಡಿಕೊಳ್ಳೋಕೆ ಬೇಸರ ಅಂತ ಅವಲಕ್ಕಿ ಮೊಸರಲ್ಲಿ ಮುಗಿಸಿದರೆ, ಇನ್ಸುಲಿನ್ ತಗೊಂಡು ಊಟ ಬಿಟ್ಟರೆ, ಸಕ್ಕರೆ ಕುಸಿದು ನೆಲಕ್ಕೆ ಬೀಳ್ತಾರೆ. ಬೇಜಾರು ಕಾಯಿಲೆಯ ಹೊರಗೆ ಇರೋ ವಸ್ತು ಅಲ್ಲ, ಒಳಗೇ ಇದೆ. ಬ್ರಿಟನ್ 2018ರಲ್ಲಿ ಒಂಟಿತನಕ್ಕೆ ಅಂತಲೇ ಒಬ್ಬ ಸಚಿವರನ್ನ ಇಟ್ಟಿತು, ಜಪಾನ್ ಈ ವರ್ಷ ಫೆಬ್ರುವರಿಯಲ್ಲಿ. ನಮಗೆ ಸಚಿವರು ಬೇಡ, ಈಗಿರೋರಿಗೇ ಖಾತೆ ಸಾಲ್ತಾ ಇಲ್ಲ. ಆದರೆ ಅದು ಸರ್ಕಾರದ ಕೆಲಸದ ಪಟ್ಟಿಯಲ್ಲಿ ಬರೋ ವಿಷಯ ಅಂತಾದರೂ ಒಪ್ಪಬೇಕಲ್ಲ.

ಸಹಾಯವಾಣಿ ಇದೆ ಅಂತೀರಿ. ಇದೆ. ಮೊದಲ ಲಾಕ್‌ಡೌನ್ ಶುರುವಾದ ದಿನಗಳಲ್ಲೇ ನಿಮ್ಹಾನ್ಸ್ ಮನೋಸ್ಥೈರ್ಯಕ್ಕೆ ಸಹಾಯವಾಣಿ ತೆರೆಯಿತು, ನಮ್ಮ 104 ಇದೆ, ಇ-ಸಂಜೀವಿನಿಯಲ್ಲಿ ಮೊಬೈಲ್‌ನಲ್ಲೇ ಡಾಕ್ಟರನ್ನ ಕಾಣಬಹುದು. ಇವೆಲ್ಲ ನಿಜವಾಗಿ ಒಳ್ಳೆಯ ವ್ಯವಸ್ಥೆ, ಬಳಸಿ. ಆದರೆ ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕೂತ ಊರುಗಳು ಇವು. ಎದೆನೋವು ಇರೋ ಅಜ್ಜ ಡಾಕ್ಟರ ಮುಖ ನೋಡೋಕೆ ಆ ಗುಡ್ಡ ಹತ್ತಬೇಕಾ? ಕರೆಂಟ್ ಹೋದ ಮರುದಿನ ಟವರ್ರೂ ಹೋಗುತ್ತೆ. ಕರೆಂಟ್ ಹೋದರೆ ಫ್ರಿಜ್ಜಲ್ಲಿಟ್ಟ ಇನ್ಸುಲಿನ್ ಕಥೆ ಬೇರೆ. ಅದಕ್ಕೆ ಅಲ್ಲಿಯ ಜನ ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು ಅದರೊಳಗೆ ಸೀಸೆ ಇಡ್ತಾರೆ, ಅದು ಸರಿಯಾದ ಉಪಾಯವೇ.

ಇಷ್ಟು ಸಾಲದು ಅಂತ ಈ ಪುಷ್ಯ ಮಳೆ. ಜುಲೈ 22, 23ರಂದು ಏನಾಯ್ತು ಅಂತ ನೀವು ಇದೇ ಪರದೆಯಲ್ಲಿ ನೋಡಿದ್ದೀರಿ. ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. ಅರಬೈಲ್ ಘಾಟಿ ಬಂದ್ ಆಯ್ತು. ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯ್ತು. 28ಕ್ಕೆ ಪ್ರಮಾಣವಚನ ತಗೊಂಡ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮರುದಿನವೇ ಜಿಲ್ಲೆಗೆ ಹೋದರು, ಒಳ್ಳೆಯದು. ನಷ್ಟದ ಪಟ್ಟಿಯಲ್ಲಿ ಸೇತುವೆ ಬರುತ್ತೆ, ಅಡಿಕೆ ಮರ ಎಷ್ಟು ಬಿತ್ತು ಬರುತ್ತೆ, ಬರಬೇಕು. ಸೇತುವೆ ಆಚೆ ಎಷ್ಟು ಜನ ಇನ್ಸುಲಿನ್ ತಗೊಳ್ಳೋರಿದ್ದಾರೆ, ಎಷ್ಟು ಜನ ಡಯಾಲಿಸಿಸ್‌ಗೆ ಹೋಗೋರಿದ್ದಾರೆ, ಎಷ್ಟು ಜನಕ್ಕೆ ಮೂರ್ಛೆ ಮಾತ್ರೆ ಒಂದು ದಿನವೂ ತಪ್ಪಬಾರದು, ಆ ಪಟ್ಟಿ ಯಾವ ಕಚೇರಿಯಲ್ಲಿದೆ? ಆಶಾ ಹತ್ತಿರ ಇರುತ್ತೆ, ಅವಳ ನೋಟ್‌ಬುಕ್‌ನಲ್ಲಿ. ತಹಶೀಲ್ದಾರ್ ಮೇಜಿಗೆ ಅದು ಬರಬೇಕು. ಮೂರನೇ ಅಲೆ ಅಂತ ಹೇಳ್ತಾ ಇದ್ದಾರೆ, ಮಳೆಗಾಲ ಇನ್ನೂ ಎರಡು ತಿಂಗಳು ಇದೆ. ಆ ಪಟ್ಟಿ ಮಾಡೋಕೆ ಹೊಸ ಯೋಜನೆ ಬೇಡ, ಒಂದು ವಾರ ಸಾಕು.

ಕೊನೆಗೆ ಬೆಂಗಳೂರಲ್ಲಿ ಕೂತು ಇದನ್ನ ನೋಡ್ತಾ ಇರೋ ಮಕ್ಕಳಿಗೆ ಹೇಳ್ತೀನಿ. ಇವತ್ತು ರಾತ್ರಿ ಫೋನ್ ಮಾಡಿದಾಗ ‘ಆರಾಮಾ’ ಅಂತ ಕೇಳಬೇಡಿ. ಮಾತ್ರೆ ಇನ್ನು ಎಷ್ಟು ದಿನಕ್ಕೆ ಇದೆ, ಸ್ಟ್ರಿಪ್ ಕೈಯಲ್ಲಿ ಹಿಡಿದು ಎಣಿಸಿ ಹೇಳಿ ಅನ್ನಿ. ಬಿಪಿ ಕೊನೇ ಸಲ ನೋಡಿಸಿದ್ದು ಯಾವ ತಾರೀಕು, ಯಾರ ಗಾಡಿಯಲ್ಲಿ ಹೋದಿರಿ ಅಂತ ಕೇಳಿ. ನಿನ್ನೆ ಮಧ್ಯಾಹ್ನ ಏನು ಅಡುಗೆ, ಮನೆಗೆ ಯಾರು ಬಂದಿದ್ದರು ಕೇಳಿ. ಕೊನೆಗೌಡ ಮದ್ದು ಹೊಡೆಯೋಕೆ ಬರಲಿಲ್ಲ ಅಂದರೆ ಊರೆಲ್ಲ ಫೋನ್ ಮಾಡಿ ಇನ್ನೊಬ್ಬರನ್ನ ಹುಡುಕ್ತೀರಲ್ಲ, ಅಪ್ಪನ ಮದ್ದಿಗೂ ಅಷ್ಟೇ ಫೋನ್ ಮಾಡಿ.

ಮತ್ತೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ವೀಕ್ಷಕರೇ, ಜೂನ್‌ನಲ್ಲಿ ಅನ್‌ಲಾಕ್ ಆಗಿ ಬಸ್ ಶುರುವಾಗಿದೆ ಅಂತ ಸರ್ಕಾರ ಹೇಳುತ್ತೆ. ನಿಮ್ಮೂರಿಗೆ ಮೊದಲು ಬರ್ತಾ ಇದ್ದ ಯಾವ ಬಸ್ಸು, ಎಷ್ಟು ಗಂಟೆಯದ್ದು, ಇನ್ನೂ ಬರ್ತಾ ಇಲ್ಲ ಅಂತ ನಮಗೆ ಬರೆದು ಕಳಿಸಿ. ಊರಿನ ಹೆಸರು, ಬಸ್ಸಿನ ಸಮಯ, ಇಷ್ಟೇ ಸಾಕು. ಬಂದ ಪಟ್ಟಿಯನ್ನ ಬರೋ ಸೋಮವಾರ ಇದೇ ಹೊತ್ತಿಗೆ ಒಂದೊಂದಾಗಿ ಓದ್ತೀನಿ, ವಾಯವ್ಯ ಸಾರಿಗೆಯ ಶಿರಸಿ ವಿಭಾಗದವರನ್ನೂ ಲೈನ್‌ನಲ್ಲಿ ಕೂರಿಸಿಕೊಳ್ಳೋ ಪ್ರಯತ್ನ ಮಾಡ್ತೀವಿ.